ನಲವತ್ತು ವರ್ಷದ ಮುಪ್ಪು, ಒಂಬತ್ತು ತಿಂಗಳ ಓವನ್

ಅಣುವಿದ್ಯುತ್ ಸ್ಥಾವರದ ಕೇಬಲ್ ಎಷ್ಟು ಕಾಲ ಬಾಳುತ್ತದೆಂದು ನೋಡಲು ಗಾಮಾ ಕಿರಣಕ್ಕೆ ಒಡ್ಡಿದ ತುಂಡುಗಳು ಹಾಸನದ ನಮ್ಮ ಲ್ಯಾಬಿಗೆ ಐಸ್ ಪೆಟ್ಟಿಗೆಯಲ್ಲೇ ಬರಬೇಕು. ಆವತ್ತೂ ಹಾಗೇ ಬಂದವು, ಆಷಾಢದ ಜಡಿಮಳೆಯಲ್ಲಿ, ಬೆಂಗಳೂರಿನ ಬೆಳಗಿನ ಬಸ್ಸಿಗೆ. ಪೆಟ್ಟಿಗೆ ಇಳಿಸಿಕೊಟ್ಟವರು ಇದರಲ್ಲಿ ರೇಡಿಯೇಷನ್ ಇದೆಯೇ ಎಂದು ವಿಚಾರಿಸಿದರು. ಇಲ್ಲ. ಕೋಬಾಲ್ಟ್-60 ಹೊಮ್ಮಿಸುವ ಗಾಮಾ ಕಿರಣಗಳ ಶಕ್ತಿ 1.17 ಮತ್ತು 1.33 ಮೆಗಾ ಎಲೆಕ್ಟ್ರಾನ್ ವೋಲ್ಟ್. ಪ್ಲಾಸ್ಟಿಕ್ಕಿನೊಳಗಿನ ಇಂಗಾಲ, ಹೈಡ್ರೋಜನ್‌ಗಳನ್ನು ವಿಕಿರಣಶೀಲ ಮಾಡುವಷ್ಟು ಶಕ್ತಿ ಅದಲ್ಲ. ಕಿರಣ ಹಾದುಹೋದ ಮೇಲೆ ಉಳಿಯುವುದು ಮುರಿದ ಅಣುಸರಪಳಿಗಳು ಮಾತ್ರ.

ಐಸ್ ಬೇಕಾಗುವುದೂ ಆ ಮುರಿದ ಸರಪಳಿಗಳಿಗಾಗಿಯೇ. ಎಕ್ಸ್‌ಎಲ್‌ಪಿಇ, ಅಂದರೆ ಕೇಬಲಿನ ತಾಮ್ರವನ್ನು ಸುತ್ತುವರಿದ, ಅಡ್ಡಕೊಂಡಿ ಹಾಕಿದ ಪಾಲಿಎಥಿಲೀನ್ ಪ್ಲಾಸ್ಟಿಕ್, ಅರ್ಧಂಬರ್ಧ ಸ್ಫಟಿಕದ ವಸ್ತು. ಸ್ಫಟಿಕ ಭಾಗದಲ್ಲಿ ಸಿಕ್ಕಿಬಿದ್ದ, ಜೋಡಿ ಸಿಗದ ಎಲೆಕ್ಟ್ರಾನ್ ಇರುವ ಫ್ರೀ ರ‍್ಯಾಡಿಕಲ್‌ಗಳು ಕಿರಣ ನಿಂತ ಮೇಲೂ ವಾರಗಟ್ಟಲೆ ಬದುಕಿದ್ದು, ಮೆಲ್ಲಗೆ ಹೊರಬಂದು ಆಮ್ಲಜನಕ ಹಿಡಿಯುತ್ತವೆ. ಮೇಜಿನ ಮೇಲೆ ಸುಮ್ಮನೆ ಬಿಟ್ಟರೂ ತುಂಡು ಮುಪ್ಪಾಗುತ್ತಲೇ ಹೋಗುತ್ತದೆ. ಆದ್ದರಿಂದ ಬಂದ ತಕ್ಷಣ ಫ್ರೀಜರಿಗೆ, ಇಲ್ಲವೇ ನೇರ ಪರೀಕ್ಷೆಗೆ. ಕಿರಣ ನಿಂತ ಗಂಟೆ ಮತ್ತು ತುಂಡನ್ನು ಎಳೆದು ಕಡಿಸಿದ ಗಂಟೆ ಎರಡನ್ನೂ ಪುಸ್ತಕದಲ್ಲಿ ಬರೆಯುವುದು ನಮ್ಮ ಲ್ಯಾಬಿನಲ್ಲಿ ಕಡ್ಡಾಯ.

ನಡೆಯುತ್ತಿರುವ ಪಿಎಚ್‌ಡಿಯ ಪ್ರಶ್ನೆ ಸರಳ. ಅಣುವಿದ್ಯುತ್ ಸ್ಥಾವರವೊಂದರಲ್ಲಿ ಸಾವಿರ ಕಿಲೋಮೀಟರಿಗೂ ಮಿಕ್ಕಿ ಕೇಬಲ್ ಇರುತ್ತದೆ. ರಿಯಾಕ್ಟರ್ ಕಟ್ಟಡದೊಳಗಿನ ಕೇಬಲ್ ದಿನನಿತ್ಯದ ಬಿಸಿ, ವಿಕಿರಣಗಳನ್ನು ದಶಕಗಟ್ಟಲೆ ತಾಳಿಕೊಂಡ ಮೇಲೂ, ಕೊನೆಯ ವರ್ಷ ಕೊಳವೆಯೊಡೆದು ಬಿಸಿ ಹಬೆ ನುಗ್ಗಿದರೆ ಸಂಕೇತ ಸಾಗಿಸಲೇಬೇಕು. ಹೊಸ ಇನ್ಸುಲೇಷನ್ ಕಡಿಯುವ ಮುನ್ನ ತನ್ನ ಉದ್ದದ ಮೂರು-ನಾಲ್ಕು ಪಟ್ಟು ಹಿಗ್ಗುತ್ತದೆ. ಆ ಹಿಗ್ಗು ಮೂಲ ಉದ್ದದ ಶೇ. 50ಕ್ಕೆ ಇಳಿದರೆ ಆಯಸ್ಸು ಮುಗಿಯಿತೆಂದು ಲೆಕ್ಕ. ಕೈಗಾದ ಮೊದಲ ಘಟಕ 2018ರ ಡಿಸೆಂಬರ್ 31ರ ತನಕ 962 ದಿನ ಎಡೆಬಿಡದೆ ಓಡಿತಲ್ಲ, ಅಂಥ ಓಟದ ನಡುವೆ ಒಳಗೆ ಹೋಗಿ ಕೇಬಲ್ ಬಗ್ಗಿಸಿ ನೋಡುವಂತಿಲ್ಲ. ಮುಂಚೆಯೇ ಲ್ಯಾಬಿನಲ್ಲಿ ತಿಳಿದುಕೊಂಡಿರಬೇಕು.

ಲ್ಯಾಬಿನಲ್ಲಿ ನಲವತ್ತು ವರ್ಷ ಕಾಯುವವರು ಯಾರು? ಹಾಗಾಗಿ ಬಿಸಿ ಏರಿಸಿ ಕಾಲವನ್ನು ಕುಗ್ಗಿಸುತ್ತೇವೆ. 50 ಡಿಗ್ರಿಯಲ್ಲಿ 40 ವರ್ಷ ಎಂದರೆ 3,50,400 ಗಂಟೆ. ಬಿಸಿ ಏರಿದಂತೆ ಮುಪ್ಪು ಎಷ್ಟು ಬೇಗವಾಗುತ್ತದೆಂದು ಹೇಳುವ ಆಕ್ಟಿವೇಷನ್ ಶಕ್ತಿ 1.0 ಎಲೆಕ್ಟ್ರಾನ್ ವೋಲ್ಟ್ ಎಂದು ಹಿಡಿದರೆ ಅರ‍್ಹೀನಿಯಸ್ ಸೂತ್ರದ ಪ್ರಕಾರ 110 ಡಿಗ್ರಿಯ ಓವನ್ನಿನಲ್ಲಿ ಅದು ಸುಮಾರು 53 ದಿನ. ಅದೇ ಶಕ್ತಿ 1.2 ಎಂದು ಬರೆದುಕೊಂಡರೆ 17 ದಿನಕ್ಕೇ ಕೆಲಸ ಮುಗಿಯುತ್ತದೆ, 0.8 ಎಂದರೆ 160 ದಿನ ದಾಟುತ್ತದೆ. ಓವನ್ ಅದೇ, ಕೇಬಲ್ ಅದೇ, ಕಾಗದದ ಮೇಲಿನ ಒಂದು ಅಂಕಿ ಮಾತ್ರ ಬೇರೆ. ಬೇರೆಯವರ ಕೋಷ್ಟಕದಿಂದ ಈ ಅಂಕಿಯನ್ನು ಎತ್ತಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಕನಿಷ್ಠ ಮೂರು ಉಷ್ಣತೆಗಳಲ್ಲಿ ನಮ್ಮದೇ ಕೇಬಲನ್ನು ಇಟ್ಟು ಅಳೆಯಬೇಕು.

ಎಕ್ಸ್‌ಎಲ್‌ಪಿಇ ವಿಷಯದಲ್ಲಿ 110 ಡಿಗ್ರಿಯೇ ತಪ್ಪು ಆಯ್ಕೆ. ಅದರ ಸ್ಫಟಿಕಗಳು 105ರ ಆಸುಪಾಸಿನಲ್ಲೇ ಕರಗುತ್ತವೆ. ಕರಗಿದ ವಸ್ತುವಿನ ವರ್ತನೆಯಿಂದ ಗೆರೆ ಎಳೆದು 50 ಡಿಗ್ರಿಯ ಘನವಸ್ತುವಿನ ಭವಿಷ್ಯ ಹೇಳಲಾಗದು. ಅದಕ್ಕೇ ನಮ್ಮ ದೀರ್ಘ ಓವನ್ 90 ಡಿಗ್ರಿಯಲ್ಲಿದೆ. ಅದೇ 1.0ರ ಲೆಕ್ಕದಲ್ಲಿ ಅಲ್ಲಿ 280 ದಿನ ಬೇಕು, ಒಂಬತ್ತು ತಿಂಗಳು. ಮಲೆನಾಡಿನ ಅಂಚಿನ ಊರಲ್ಲಿ ಒಂಬತ್ತು ತಿಂಗಳೆಂದರೆ ಒಂದು ಮಳೆಗಾಲವನ್ನಾದರೂ ಕರೆಂಟಿನೊಂದಿಗೆ ಗುದ್ದಾಡಿ ಕಳೆಯಲೇಬೇಕು.

ಆವತ್ತು ಹತ್ತು ಗಂಟೆ ಸುಮಾರಿಗೆ ಕರೆಂಟು ಹೋಯಿತು. ಜನರೇಟರ್ ಹಿಡಿಯುವಷ್ಟರಲ್ಲಿ ಓವನ್ನಿನ ಉಷ್ಣತೆ ಇಳಿಯತೊಡಗಿತ್ತು. ಗಡಿಯಾರ ನೋಡಿ ಅಷ್ಟು ಗಂಟೆ ಕಳೆದುಬಿಡುವುದು ಸರಿಯಾದ ದಾರಿಯಲ್ಲ. ತುಂಡುಗಳ ನಡುವೆಯೇ ಬಿಸಿ ಅಳೆಯುವ ಥರ್ಮೋಕಪಲ್ ಇಟ್ಟು, ಬ್ಯಾಟರಿಯ ಲಾಗರಿನಲ್ಲಿ ನಿಮಿಷಕ್ಕೊಂದು ಅಂಕಿ ಹಿಡಿದು, ಪ್ರತಿ ನಿಮಿಷದ ಮುಪ್ಪನ್ನು ಬೇರೆ ಬೇರೆ ಲೆಕ್ಕ ಹಾಕಿ ಕೂಡಿಸಬೇಕು. ಇಳಿದ ಬಿಸಿಯಿಂದ ಆಗುವ ನಷ್ಟ ಹೀಗೆ ಲೆಕ್ಕಕ್ಕೆ ಸಿಗುತ್ತದೆ. ಕರೆಂಟು ಮರಳಿದಾಗ ಕಂಟ್ರೋಲರ್ ಗುರಿ ಮೀರಿ ಏರಿಸುವ ಬಿಸಿಯದೇ ಭಯ. ಅದು ಸ್ಫಟಿಕ ಕರಗುವ ಗಡಿ ಮುಟ್ಟಿದರೆ ಆ ಕಂತನ್ನೇ ಬಿಡಬೇಕು. ಅದಕ್ಕಾಗಿ ಎರಡನೆಯ, ಬೇರೆಯೇ ಕಟ್‌ಆಫ್ ಥರ್ಮೋಸ್ಟಾಟನ್ನು 95ಕ್ಕೆ ಕಟ್ಟಿಹಾಕಿದ್ದೇವೆ.

ಮಧ್ಯಾಹ್ನದ ಹೊತ್ತಿಗೆ ಎಳೆಯುವ ಯಂತ್ರ ಸಿದ್ಧ. ಪೆಟ್ಟಿಗೆಯಲ್ಲಿ ಎರಡು ಗುಂಪು ಇದ್ದವು. ಎರಡಕ್ಕೂ ಬಿದ್ದ ಒಟ್ಟು ಡೋಸ್, ಅಂದರೆ ಹೀರಿಕೊಂಡ ವಿಕಿರಣದ ಶಕ್ತಿ, ಒಂದೇ, 100 ಕಿಲೋಗ್ರೇ (ಒಂದು ಗ್ರೇ ಎಂದರೆ ಕಿಲೋಗ್ರಾಮಿಗೆ ಒಂದು ಜೂಲ್). ಒಂದು ಗುಂಪಿಗೆ ಗಂಟೆಗೆ 2 ಕಿಲೋಗ್ರೇಯಂತೆ 50 ಗಂಟೆಯಲ್ಲಿ, ಇನ್ನೊಂದಕ್ಕೆ ಗಂಟೆಗೆ 100 ಗ್ರೇಯಂತೆ 1,000 ಗಂಟೆಯಲ್ಲಿ. ತಾಮ್ರದ ತಂತಿ ಒಳಗಿರುವಂತೆಯೇ ಕಿರಣ ಹಾಯಿಸಿದ್ದು, ಸ್ಥಾವರದಲ್ಲೂ ಅದು ಹಾಗೇ ಇರುವುದರಿಂದ. ತಾಮ್ರವೇ ಆಕ್ಸಿಡೇಷನ್ನಿಗೆ ಕುಮ್ಮಕ್ಕು ಕೊಡುತ್ತದೆ, ಮೇಲಾಗಿ ಅಲ್ಲಿ ಗಾಳಿ ಹೊರಮೈಯಿಂದ ಮಾತ್ರ ಒಳಹೋಗುತ್ತದೆ. ನಮ್ಮ ತುಂಡುಗಳಲ್ಲಿ ಕತ್ತರಿಸಿದ ತುದಿಗಳಿಂದಲೂ ಗಾಳಿ ನುಗ್ಗಿರುವುದರಿಂದ ಎರಡೂ ಕಡೆ ಎರಡೆರಡು ಸೆಂಟಿಮೀಟರ್ ಕತ್ತರಿಸಿ ಎಸೆದುಬಿಡುತ್ತೇವೆ.

ತಂತಿ ಹೊರತೆಗೆಯುವುದೇ ತಾಳ್ಮೆಯ ಕೆಲಸ. ಎಳೆಎಳೆ ತಂತಿಯಾದರೆ ಒಂದೊಂದೇ ಎಳೆಯನ್ನು ಇಕ್ಕಳದಿಂದ ಹಿಡಿದು ಎಳೆಯಬೇಕು. ಒಂಟಿ ಗಟ್ಟಿ ತಂತಿಯಾದರೆ ಎರಡು ತುದಿ ಬಿಗಿದು ಚೂರು ಹಿಗ್ಗಿಸಿದರೆ ತಾಮ್ರ ತೆಳ್ಳಗಾಗಿ ಸಡಿಲವಾಗುತ್ತದೆ. ಬ್ಲೇಡಿನಿಂದ ಸೀಳಿ ತೆಗೆಯುವ ಸುಲಭದ ದಾರಿ ಬೇಡ, ಒಳಗೋಡೆಯ ಮೇಲೆ ಬಿದ್ದ ಒಂದು ಗೀರಿನಿಂದಲೇ ತುಂಡು ಮೊದಲೇ ಕಡಿಯುತ್ತದೆ, ಆಮೇಲೆ ಮುಪ್ಪು ಯಾವುದು ಗೀರು ಯಾವುದು ತಿಳಿಯದು. ಖಾಲಿ ಕೊಳವೆಯನ್ನು ಹಾಗೇ ಯಂತ್ರದ ಹಿಡಿಗೆ ಸಿಕ್ಕಿಸಿದರೆ ನಜ್ಜಾಗಿ ಅಲ್ಲೇ ತುಂಡಾಗುತ್ತದೆ. ಅದಕ್ಕೆ ಎರಡೂ ತುದಿಯೊಳಗೆ ಮೆದು ಪ್ಲಗ್. ಹಿಡಿಯಲ್ಲಿ ಕಡಿದ ತುಂಡನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ವೇಗ ನಿಮಿಷಕ್ಕೆ 50 ಮಿಲಿಮೀಟರ್, ಕೊಠಡಿ 23 ಡಿಗ್ರಿಯ ಆಚೀಚೆ ಎರಡರೊಳಗೆ, ಗುಂಪಿಗೆ ಐದು ಒಳ್ಳೆಯ ತುಂಡು.

ಬೇಗ ಡೋಸ್ ತಿಂದ ಗುಂಪು ಚೆನ್ನಾಗಿ ಹಿಗ್ಗಿತು, ಶೇ. 200ರ ಮೇಲೆ. ನಿಧಾನದ ಗುಂಪು 100ರ ಹತ್ತಿರಕ್ಕೇ ಕಡಿಯಿತು. ಡೋಸ್ ಒಂದೇ ಎಂದು ಬರೆದಿಟ್ಟವರು ಮೊದಲ ಅಂಕಿಯನ್ನು ಮಾತ್ರ ನೋಡಿದ್ದರೆ ಈ ಕೇಬಲ್ ಇನ್ನೂ ಗಟ್ಟಿಮುಟ್ಟು ಎಂದು ಸಹಿ ಹಾಕುತ್ತಿದ್ದರು. ನನ್ನನ್ನು ಕಾಡುವುದು ಇದೇ: ಆತುರದ ಪರೀಕ್ಷೆ ತಪ್ಪುವಾಗ ಭರವಸೆಯ ಕಡೆಗೇ ತಪ್ಪುತ್ತದೆ.

ಕಾರಣ ಆಮ್ಲಜನಕ. ಕಿರಣ ಸರಪಳಿಗಳನ್ನು ಮುರಿಯುವ ವೇಗಕ್ಕೆ ತಕ್ಕಂತೆ ಗಾಳಿ ಒಳಗಿಳಿಯದಿದ್ದರೆ ಹೊರಪದರ ಮಾತ್ರ ಸುಡುತ್ತದೆ, ಒಳಭಾಗ ಹಾಗೇ ಉಳಿಯುತ್ತದೆ. ಮೂಡಿಗೆರೆ, ಸಕಲೇಶಪುರದ ಕಡೆ ಕಾಫಿ ಒಣಗಿಸುವವರಿಗೆ ಇದು ಗೊತ್ತು, ಡ್ರೈಯರಿನ ಬಿಸಿ ಏರಿಸಿದರೆ ಹೊರಗೆ ಗರಿಗರಿ, ಬೀಜದೊಳಗೆ ತೇವ. ಆಮ್ಲಜನಕ ತಲುಪುವ ಆಳ ಡೋಸ್ ವೇಗದ ವರ್ಗಮೂಲಕ್ಕೆ ವಿಲೋಮ. ನಮ್ಮ ಎರಡು ಗುಂಪುಗಳ ವೇಗದ ಅಂತರ 20 ಪಟ್ಟು, ಹಾಗಾಗಿ ಆಳದ ಅಂತರ ಸುಮಾರು ನಾಲ್ಕೂವರೆ ಪಟ್ಟು. ಇನ್ಸುಲೇಷನ್ ಗೋಡೆಯ ದಪ್ಪ ಒಂದು ಮಿಲಿಮೀಟರಿನ ಹತ್ತಿರ ಇರುವಾಗ ಇದು ಸಣ್ಣ ಮಾತಲ್ಲ. ಹಾಸನ ಕಡಲಮಟ್ಟದಿಂದ 950 ಮೀಟರ್ ಆಸುಪಾಸು ಎತ್ತರದಲ್ಲಿರುವುದರಿಂದ ಇಲ್ಲಿನ ಓವನ್ನಿಗೆ ಸಿಗುವ ಆಮ್ಲಜನಕದ ಒತ್ತಡವೂ ಶೇ. 10ರಷ್ಟು ಕಡಿಮೆ. ಬ್ಯಾರೋಮೀಟರಿನ ಅಂಕಿಯನ್ನು ದಿನವೂ ಬರೆದಿಡುವುದು ಅದಕ್ಕೇ.

ಊಹೆಯನ್ನು ಒರೆಗೆ ಹಚ್ಚಲು ಸಸ್ಯಶಾಸ್ತ್ರದವರ ಮೈಕ್ರೋಟೋಮ್ ತಂದು ಗೋಡೆಯನ್ನು ಹೊರಗಿನಿಂದ ಒಳಗೆ ತೆಳು ಪದರಗಳಾಗಿ ಕತ್ತರಿಸಿದೆವು. ಎಫ್‌ಟಿಐಆರ್‌ನಲ್ಲಿ (ವಸ್ತು ಅತಿಗೆಂಪು ಬೆಳಕನ್ನು ಎಲ್ಲೆಲ್ಲಿ ಹೀರುತ್ತದೆಂದು ತೋರಿಸುವ ಯಂತ್ರ) ಸೆಂಟಿಮೀಟರಿಗೆ 1,720 ಅಲೆಗಳ ಬಳಿಯ, ಆಮ್ಲಜನಕ ಸೇರಿದ್ದನ್ನು ತೋರಿಸುವ ಕಾರ್ಬೊನಿಲ್ ಶಿಖರವನ್ನು ಪಾಲಿಎಥಿಲೀನಿನದೇ 1,465ರ ಶಿಖರದೊಂದಿಗೆ ಹೋಲಿಸಿದರೆ ಎಷ್ಟು ಆಕ್ಸಿಡೇಷನ್ ಎಂದು ತಿಳಿಯುತ್ತದೆ. ಆಕ್ಸಿಡೇಷನ್ ತಡೆಯಲು ಪ್ಲಾಸ್ಟಿಕ್ಕಿಗೆ ಬೆರೆಸುವ ಕೆಲವು ಆಂಟಿಆಕ್ಸಿಡೆಂಟ್‌ಗಳದೇ ಎಸ್ಟರ್ ಶಿಖರ 1,740ರ ಹತ್ತಿರ ಬಂದು ಮೋಸ ಮಾಡುತ್ತದೆ, ಹೊಸ ಕೇಬಲಿನ ಪಟವನ್ನು ಕಳೆದೇ ನೋಡಬೇಕು. ನಿಧಾನದ ಗುಂಪಿನಲ್ಲಿ ಶಿಖರ ಹೊರಗಿನಿಂದ ತಾಮ್ರದ ತನಕ ಹೆಚ್ಚುಕಡಿಮೆ ಒಂದೇ ಎತ್ತರ. ಬೇಗದ ಗುಂಪಿನಲ್ಲಿ ಹೊರಪದರದಲ್ಲಿ ಎತ್ತರ, ಒಳಗೆ ಹೋದಂತೆ ಜರ‍್ರನೆ ಇಳಿತ.

ಉಳಿದ ಚೂರುಗಳನ್ನು 0.3 ಗ್ರಾಂ ತೂಗಿ ಸ್ಟೀಲ್ ಜಾಲರಿಯ ಪೊಟ್ಟಣ ಕಟ್ಟಿ, ಆಂಟಿಆಕ್ಸಿಡೆಂಟ್ ಬೆರೆಸಿದ ಕ್ಸೈಲೀನ್ ಎಂಬ ದ್ರಾವಕದಲ್ಲಿ 12 ಗಂಟೆ ಕುದಿಯಲು ಇಟ್ಟೆವು. ಕರಗದೆ ಉಳಿಯುವುದೇ ಅಡ್ಡಕೊಂಡಿಯ ಪಾಲು, ಸರಪಳಿ ಮುರಿದದ್ದೇ ಹೆಚ್ಚೋ ಹೊಸ ಕೊಂಡಿ ಬಿದ್ದದ್ದೇ ಹೆಚ್ಚೋ ಅದರಿಂದ ಗೊತ್ತಾಗುತ್ತದೆ. ಈ ಎತ್ತರದಲ್ಲಿ ಕ್ಸೈಲೀನ್ ಮೂರು-ನಾಲ್ಕು ಡಿಗ್ರಿ ಕಡಿಮೆಯಲ್ಲೇ ಕುದಿಯುವುದರಿಂದ ಹೊಸ ಕೇಬಲಿನ ಪೊಟ್ಟಣವೂ ಜೊತೆಗೇ ಇರಬೇಕು. ಆವಿಯನ್ನು ತಂಪಾಗಿಸುವ ಕಂಡೆನ್ಸರಿನ ನೀರು ರಾತ್ರಿ ನಿಂತರೆ ಕ್ಸೈಲೀನ್ ಆವಿ ಕೊಠಡಿ ತುಂಬುತ್ತದೆ, ಹೀಗಾಗಿ ಪಂಪಿಗೂ ಹೀಟರಿಗೂ ಒಂದೇ ಸ್ವಿಚ್ಚು: ಪಂಪಿನ ಕರೆಂಟು ಹೋದರೆ ಬಿಸಿಯೂ ನಿಲ್ಲುತ್ತದೆ.

ಗಂಟೆಗೆ 100 ಗ್ರೇ ಕೂಡ ಸ್ಥಾವರದ ದೃಷ್ಟಿಯಿಂದ ನಾಗಾಲೋಟವೇ. ಗಂಟೆಗೆ 0.1 ಗ್ರೇ ಬೀಳುವ ಜಾಗದಲ್ಲಿ 40 ವರ್ಷಕ್ಕೆ ಸೇರುವುದು 35 ಕಿಲೋಗ್ರೇ. ಮುಂದಿನ ಕಂತಿಗೆ ಸೀಸದ ಅಡ್ಡತಡೆ ಹಾಕಿಸಿ ವೇಗವನ್ನು ಇನ್ನೂ ಇಳಿಸಲು ಬರೆದು ಕಳಿಸಿದೆವು. ಪ್ರಬಂಧದ ಕೋಷ್ಟಕದಲ್ಲಿ ಒಟ್ಟು ಡೋಸಿನ ಪಕ್ಕ ಡೋಸ್ ವೇಗ, ಗೋಡೆಯ ದಪ್ಪ, ಗಾಳಿಯ ಒತ್ತಡ ಈ ಮೂರು ಕಾಲಂ ಇಲ್ಲದ ಯಾವ ಸಾಲೂ ಇರಕೂಡದೆಂದು ಆ ಸಂಜೆಯೇ ತೀರ್ಮಾನವಾಯಿತು.