ಬಿದ್ದ ಗೋಪುರ, ಬಿದ್ದ ಮಿನಾರು

ವೆನಿಸ್ಸಿನ ಸೇಂಟ್ ಮಾರ್ಕ್ ಚೌಕಕ್ಕೆ ಬಂದವರೆಲ್ಲ ಬಸಿಲಿಕಾದ ಹೊನ್ನಿನ ಚಿತ್ತಾರಕ್ಕೆ ಮನಸೋತು ನಿಂತಿದ್ದರೆ, ನಾನು ಗಂಟೆ ಗೋಪುರದ ಬುಡ ಬಿಟ್ಟು ಕದಲಲಿಲ್ಲ. ಬೀದರಿನಲ್ಲಿ ಮನೆ ಕಟ್ಟಿಸುತ್ತಲೇ ಅರ್ಧ ಆಯುಷ್ಯ ಕಳೆದವನು. ಇಟ್ಟಿಗೆ ಗೋಡೆ ಕಂಡರೆ ಕೈಯಿಟ್ಟು ನೋಡದೆ ಇರಲಾರೆ. ಸುಮಾರು 99 ಮೀಟರ್ ಎತ್ತರದ ಆ ಗೋಪುರ ನೋಡುವುದಕ್ಕೆ ಪುರಾತನ. ಆದರೆ ಈಗ ನಿಂತಿರುವುದು 1912ರದು. ಹಳೆಯದು 1902ರ ಜುಲೈ 14ರ ಬೆಳಿಗ್ಗೆ ಕುಸಿದು ಇಟ್ಟಿಗೆಯ ಗುಡ್ಡೆಯಾಗಿತ್ತು.

ಅದರ ಕಾರಣ ತಿಳಿದಾಗ ನನಗೆ ಎದೆ ಧಸಕ್ಕೆಂದಿತು. ಗೋಪುರಕ್ಕೆ ಆತುಕೊಂಡಿರುವ ಲೊಜೆಟ್ಟಾ ಎಂಬ ಪುಟ್ಟ ಮಂಟಪದ ಚಾವಣಿ ದುರಸ್ತಿ ಮಾಡುವಾಗ, ಗೋಪುರದ ಗೋಡೆಯೊಳಗೆ ಹುದುಗಿದ್ದ ಕಲ್ಲಿನ ಪಟ್ಟಿಯನ್ನು ಕಿತ್ತಿದ್ದರು. ಶತಮಾನಗಳಿಂದ ಸೊರಗಿದ್ದ ಗಾರೆ ತಡೆಯಲಿಲ್ಲ, ಬಿರುಕು ಮೇಲೇರಿತು. ಬಿರುಕಿಗೆ ಅಡ್ಡಲಾಗಿ ಗಾಜಿನ ತುಂಡುಗಳನ್ನು ಕೂರಿಸಿದರು. ಗಾಜು ಒಡೆದರೆ ಗೋಡೆ ಸರಿಯುತ್ತಿದೆ ಎಂದರ್ಥ. ನಾವು ಇಂದಿಗೂ ಮಾಡುವ ಪರೀಕ್ಷೆಯೇ ಇದು. ಗಾಜು ಒಡೆಯಿತು. ಚೌಕದಲ್ಲಿ ವಾದ್ಯಗೋಷ್ಠಿ ನಿಲ್ಲಿಸಿದರು, ಜನರನ್ನು ತೆರವು ಮಾಡಿದರು. ಲೊಜೆಟ್ಟಾ ನುಚ್ಚುನೂರಾಯಿತು, ಪಕ್ಕದ ಗ್ರಂಥಾಲಯದ ಮೂಲೆ ಮುರಿಯಿತು. ಒಬ್ಬ ಮನುಷ್ಯನೂ ಸಾಯಲಿಲ್ಲ.

"ಇದ್ದಲ್ಲೇ, ಇದ್ದ ಹಾಗೆಯೇ" ಎಂದು ಊರು ಪಟ್ಟು ಹಿಡಿಯಿತು. ಹಳೆಯ ಅಡಿಪಾಯಕ್ಕೆ ಸಾವಿರಾರು ಮರದ ಕಂಬಗಳ ಬಲ ಕೊಟ್ಟು ಹತ್ತು ವರ್ಷದೊಳಗೆ ಎಬ್ಬಿಸಿಯೇಬಿಟ್ಟರು.

ನಮ್ಮ ಬೀದರಿನ ಹಳೆಯ ಕಾವಲು ಗೋಪುರ ಚೌಬಾರಾದ ಸುತ್ತಮುತ್ತ ಚಹಾ ಕುಡಿಯುವಾಗ ಇದೇ ಮಾತು ಆಗಾಗ ಏಳುತ್ತದೆ: ಗವಾನ್ ಮದರಸಾದ ಬಿದ್ದ ಮಿನಾರನ್ನೂ ಹೀಗೆಯೇ ಕಟ್ಟಿಬಿಡಬಾರದೇಕೆ? ನಾನು ಖಂಡಿತ ಒಪ್ಪುವುದಿಲ್ಲ. ವೆನಿಸ್ಸಿನವರ ಬಳಿ ಛಾಯಾಚಿತ್ರಗಳಿದ್ದವು, ಬಿದ್ದರೂ ಒಡೆಯದೆ ಉಳಿದ ದೊಡ್ಡ ಗಂಟೆಯಿತ್ತು, ನಿನ್ನೆಯವರೆಗೆ ಗೋಪುರವನ್ನು ನೋಡಿದ ಕಣ್ಣುಗಳಿದ್ದವು. ಬಹಮನಿ ಸುಲ್ತಾನರ ಪ್ರಧಾನಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾ ಮದ್ದಿನ ಸ್ಫೋಟಕ್ಕೆ ಸಿಡಿದದ್ದು ಔರಂಗಜೇಬನ ಕಾಲದಲ್ಲಿ. ಆ ಮಿನಾರನ್ನು ಕಂಡವರು ಯಾರೂ ಇಲ್ಲ. ಈಗ ಕಟ್ಟಿದರೆ ಅದು ನಮ್ಮ ಕಾಲದ ಸಿಮೆಂಟಿನ ಊಹೆಯಾಗುತ್ತದೆ ಅಷ್ಟೆ.

ಉಳಿದಿರುವ ಮಿನಾರಿನ ಹತ್ತಿರ ಹೋಗಿ ತಲೆಯೆತ್ತಿ ನೋಡಿ. ಅಂಕುಡೊಂಕಾಗಿ ಸುತ್ತುವರಿದ ನೀಲಿ ಹಂಚಿನ ಸಾಲುಗಳು ಒಂದೆಡೆ ನಿನ್ನೆ ಮೆರುಗು ಕೊಟ್ಟಂತಿವೆ, ಪಕ್ಕದಲ್ಲೇ ಹಂಚು ಉದುರಿ ಬರಿಯ ಗೋಡೆ ಕಾಣುತ್ತದೆ. ಅಲ್ಲಿರುವ ಒಂದೊಂದು ತುಂಡೂ ಅಸಲು. ಹಂಚಿನ ಹಿಂದಿರುವ ಗಾರೆ ಸಡಿಲವಾದರೆ ಅದೂ ಹೋಯಿತು. ಹಣವಿದ್ದರೆ ಅದಕ್ಕೆ ಸುರಿಯಲಿ: ಸುಣ್ಣದ ಗಾರೆ ಬಲ್ಲ ಕುಶಲಕರ್ಮಿಗಳನ್ನು ಕರೆಸಲಿ, ಪ್ರತಿ ಮಳೆಗಾಲ ಮುಗಿದ ಮೇಲೆ ಬಿರುಕು ಅಳೆಯಲಿ, ಮುಂದಿನ ರಸ್ತೆಯಲ್ಲಿ ಭಾರಿ ವಾಹನಗಳ ಓಡಾಟ ನಿಲ್ಲಿಸಲಿ.