ಐವತ್ತು ಗಜ, ಅಡ್ಡ ತೂತು, ಮೊದಲ ಸೆಂಟರ್‌ಫೈರ್

ಕೊನೆಗೂ ಕಳ್ಳ ಸಿಕ್ಕಿಬಿದ್ದ. ಮೂರು ವಾರ ನನ್ನ ನಿದ್ದೆ ಕೆಡಿಸಿದವನು, ನಾನೇ ತುಂಬಿದ ಸೀಸದ ಗುಂಡು 50 ಗಜದ ಟಾರ್ಗೆಟ್‌ಗೆ ಅಡ್ಡಡ್ಡ ಬಡಿಯುವ ಹಾಗೆ ಮಾಡಿದವನು.

ಭಾನುವಾರ ರಾತ್ರಿ ಗ್ಯಾರೇಜಿನಲ್ಲಿ ಕೂತು, ತುಂಬಿಟ್ಟಿದ್ದ 9 ಎಂಎಂ ಕಾರ್ಟ್ರಿಜ್ (ಪೂರ್ತಿ ಗುಂಡು) ಒಂದನ್ನು ಬುಲೆಟ್ ಕಳಚುವ ಪುಲ್ಲರ್ ಸುತ್ತಿಗೆಗೆ ಹಾಕಿದೆ. ಮರದ ದಿಮ್ಮಿಗೆ ನಾಲ್ಕು ಏಟು. ಬುಲೆಟ್ ಕಳಚಿಕೊಂಡು ಬಂತು. ಮದ್ದು ಒರೆಸಿ, ಮೈಕ್ರೋಮೀಟರಿನ ಬಾಯಿಗೆ ಇಟ್ಟೆ. 0.354 ಇಂಚು. ಕೇಸಿನೊಳಗೆ, ಅಂದರೆ ಹಿತ್ತಾಳೆ ಕವಚದೊಳಗೆ, ಕೂರಿಸುವ ಮೊದಲು ಅದೇ ಬುಲೆಟ್ 0.356 ಇತ್ತು. ನಾನೇ ಅಳೆದು, ಮಾರ್ಕರಿನಲ್ಲಿ ತಲೆ ಮೇಲೆ ಒಂದು ಚುಕ್ಕೆ ಇಟ್ಟಿದ್ದೆ. ಇನ್ನೊಂದು ಬಿಚ್ಚಿದೆ. 0.354. ಮತ್ತೊಂದು, 0.3538. ಹನ್ನೆರಡಾಗುವಷ್ಟರಲ್ಲಿ ಇಪ್ಪತ್ತು ಬಿಚ್ಚಿದ್ದೆ. ಒಳಗಿಂದ ನನ್ನಾಕೆ "ಏನ್ರೀ ಅದು, ಈ ಹೊತ್ತಲ್ಲಿ ಮೊಳೆ ಹೊಡೀತಿದ್ದೀರಾ?" ಅಂತ ಕೂಗಿದಳು. "ಸಿಕ್ತು ಕಣೇ!" ಅಂತ ನಾನೂ ಕೂಗಿದೆ.

ಸ್ವಲ್ಪ ಹಿಂದಕ್ಕೆ ಹೋಗ್ತೀನಿ. ಅಮೆರಿಕದ ಓಹಾಯೋಗೆ ಬಂದ ಮೇಲೆ ಬುಲ್ಸ್ ಐ, ಅಂದರೆ ದುಂಡು ಟಾರ್ಗೆಟ್‌ಗೆ ಒಂದೇ ಕೈಯಲ್ಲಿ ಹೊಡೆಯುವ, ಪಿಸ್ತೂಲ್ ಪಂದ್ಯದ ಹುಚ್ಚು ಹಿಡಿಯಿತು. ಎರಡು ವರ್ಷ .22 ಕ್ಯಾಲಿಬರಿನಲ್ಲೇ (ಗುಂಡಿನ ದಪ್ಪ, ಇಂಚಿನಲ್ಲಿ) ಕಳೆದೆ. ಕ್ಯಾಂಪ್ ಪೆರಿ ನಮ್ಮ ರಾಜ್ಯದಲ್ಲೇ ಇದೆ, ಈರಿ ಸರೋವರದ ದಡದಲ್ಲಿ. 1907ರಿಂದ ರಾಷ್ಟ್ರೀಯ ಪಂದ್ಯ ನಡೆಯುವ ಜಾಗ. ಅಲ್ಲಿ ನಿಂತು ಪೂರಾ 2700 ಹೊಡೆಯಬೇಕು ಅನ್ನೋದು ನನ್ನ ಆಸೆ. 2700 ಅಂದರೆ ಮೂರು 900, ಒಂದೊಂದೂ 90 ಗುಂಡಿಗೆ 900 ಅಂಕದ್ದು: ಒಂದು .22ರಲ್ಲಿ, ಒಂದು ಸೆಂಟರ್‌ಫೈರ್‌ನಲ್ಲಿ (ಕಿಡಿ ಹೊತ್ತಿಸುವ ಪ್ರೈಮರ್ ಕೇಸಿನ ಬುಡದ ನಡುವೆ ಇರುವ ಗುಂಡು), ಒಂದು .45ರಲ್ಲಿ. ಒಟ್ಟು 270 ಗುಂಡು, ಎಲ್ಲವೂ ಒಂದೇ ಕೈಯಲ್ಲಿ. ಹಾಗಾಗಿ ಮೊದಲ ಸೆಂಟರ್‌ಫೈರ್ ಪಿಸ್ತೂಲು ಬೇಕಾಯ್ತು. ಯಾವ ಕ್ಯಾಲಿಬರ್ ಅನ್ನೋದೇ ತಲೆನೋವು.

ನಿಯಮ ಸರಳ. ಸೆಂಟರ್‌ಫೈರ್ 900ಗೆ .32 ಅಥವಾ ಅದಕ್ಕಿಂತ ದೊಡ್ಡದು ಯಾವುದಾದರೂ ನಡೆಯುತ್ತೆ. ಕ್ಲಬ್ಬಿನ ಹಿರಿಯರು ಪುಣ್ಯಾತ್ಮರು, ತಮ್ಮ ಪಿಸ್ತೂಲುಗಳನ್ನು ಒಂದೊಂದಾಗಿ ಕೈಗೆ ಕೊಟ್ಟು "ಹೊಡೆದು ನೋಡು" ಅಂದರು. ಮೂರು ತಿಂಗಳು ಸಾಲ ತಂದ ಪಿಸ್ತೂಲುಗಳಲ್ಲೇ ಕಳೆಯಿತು.

ಮೊದಲು .38 ಸ್ಪೆಷಲ್. ಒಬ್ಬರ ಹತ್ತಿರ ಸ್ಮಿತ್ ಅಂಡ್ ವೆಸ್ಸನ್ ಮಾಡೆಲ್ 52 ಇತ್ತು. ಕೇಸಿನ ಬಾಯಿಗೆ ಸಮನಾಗಿ ಕೂರಿಸಿದ ಚಪ್ಪಟೆ ತಲೆಯ ವಾಡ್‌ಕಟರ್ ಬಿಟ್ಟು ಬೇರೆ ಏನನ್ನೂ ಅದು ತಿನ್ನಲ್ಲ. ಮ್ಯಾಗಜಿನ್‌ಗೆ ಐದೇ ಗುಂಡು. ನಮ್ಮ ಪಂದ್ಯದಲ್ಲಿ ಒಂದು ಸರಣಿಗೆ ಬೇಕಾಗಿದ್ದೂ ಐದೇ ಅಲ್ವಾ! ಕಾಗದದ ಮೇಲೆ ಆಫೀಸಿನ ಪಂಚ್ ಒತ್ತಿದ ಹಾಗೆ ದುಂಡಗೆ, ಅಂಚು ಹರಿಯದ ತೂತು. ಅದನ್ನು ನೋಡುವುದೇ ಒಂದು ಸುಖ. ಆದರೆ 1990ರ ದಶಕದ ಶುರುವಿನಲ್ಲೇ ಅದರ ತಯಾರಿಕೆ ನಿಂತಿತು. ಈಗ ಸಿಕ್ಕರೂ ಬೆಲೆ ಕೇಳಿದರೆ ತಲೆ ಸುತ್ತುತ್ತೆ, ಬಿಡಿ ಭಾಗ ಹುಡುಕಲು ಇನ್ನೊಂದು ಜನ್ಮ ಬೇಕು.

.32 ಸ್ಮಿತ್ ಅಂಡ್ ವೆಸ್ಸನ್ ಲಾಂಗ್ ಕೂಡ ಹೊಡೆದೆ, ಇಟಲಿಯ ಪಾರ್ದಿನಿಯಲ್ಲಿ. ಕೈಗೆ ಪೆಟ್ಟೇ ಗೊತ್ತಾಗಲ್ಲ. ಊರಿನಲ್ಲಿದ್ದಿದ್ದರೆ ಇಷ್ಟು ಯೋಚನೆಯೇ ಇರುತ್ತಿರಲಿಲ್ಲ. ಭಾರತದಲ್ಲಿ 9 ಎಂಎಂ, .38, .45 ಎಲ್ಲ ನಿಷೇಧಿತ ಬೋರ್ (ಬ್ಯಾರೆಲ್ ಅಳತೆ) ಪಟ್ಟಿಯಲ್ಲಿವೆ, .32 ಇಲ್ಲ. ಅಂತರರಾಷ್ಟ್ರೀಯ 25 ಮೀಟರ್ ಸೆಂಟರ್‌ಫೈರ್ ಪಂದ್ಯದಲ್ಲಿ .30ರಿಂದ .38ರವರೆಗೆ ಮಾತ್ರ ಬಿಡುತ್ತಾರೆ, .45ಗೆ ಅಲ್ಲಿ ಜಾಗವಿಲ್ಲ. ಜಸ್ಪಾಲ್ ರಾಣಾ 2006ರ ದೋಹಾ ಏಷ್ಯಾಡ್‌ನಲ್ಲಿ 600ಕ್ಕೆ 590 ಹೊಡೆದು ಚಿನ್ನ ಗೆದ್ದದ್ದು ಇದೇ ಪಂದ್ಯದಲ್ಲಿ. ಆ ಸ್ಕೋರು ಓದಿದಾಗ ಇವತ್ತಿಗೂ ಮೈ ಜುಮ್ ಅನ್ನುತ್ತೆ. ಆದರೆ ಇಲ್ಲಿ .32 ಕೇಸು ಬೇಕು ಅಂದರೆ ದುಡ್ಡು ಕೊಟ್ಟು ಕಾಯಬೇಕು. 9 ಎಂಎಂ ಕೇಸುಗಳೋ, ರೇಂಜಿನಲ್ಲಿ ಕಡಲೆಕಾಯಿ ಸಿಪ್ಪೆ ಹಾಗೆ ಕಾಲಡಿ ಬಿದ್ದಿರುತ್ತವೆ.

ಹೀಗೆ 9 ಎಂಎಂಗೆ ಬಂದೆ. ಲೆಕ್ಕ ನನ್ನ ಕಡೆಗೇ ಇತ್ತು. ಒಂದು ಪೌಂಡ್ ಸೀಸ ಅಂದರೆ 7000 ಗ್ರೇನ್. 125 ಗ್ರೇನಿನ ಬುಲೆಟ್ 56 ಬರುತ್ತವೆ, .45ರ 200 ಗ್ರೇನಿನವು 35 ಮಾತ್ರ. ಗೆಳೆಯನೊಬ್ಬ ಪಂದ್ಯಕ್ಕೆಂದೇ ಕಟ್ಟಿಸಿದ ತನ್ನ 1911 ಮಾದರಿಯ 9 ಎಂಎಂ ಪಿಸ್ತೂಲು ಕೊಟ್ಟ. ಅಂಗಡಿಯ, ತಾಮ್ರದ ಜಾಕೆಟ್ ಹೊದಿಸಿದ ಗುಂಡಿನಲ್ಲಿ 50 ಗಜದಲ್ಲಿ, ಮರಳು ಚೀಲದ ಮೇಲೆ ಕೈಯಿಟ್ಟು ಹೊಡೆದಾಗ ಎರಡೂವರೆ ಇಂಚಿನೊಳಗೆ ಹತ್ತು. ನಮ್ಮ ಟಾರ್ಗೆಟ್‌ನ ಹತ್ತರ ವೃತ್ತ 3.36 ಇಂಚು. ಸಾಕಲ್ಲ! ಇನ್ನು ಸೀಸದ ಬುಲೆಟ್ ತುಂಬಿಕೊಂಡರೆ ಖರ್ಚೂ ಇಳಿಯಿತು ಅಂದುಕೊಂಡೆ.

ಅಲ್ಲಿಂದ ಶುರುವಾಯ್ತು ನೋಡಿ.

ಸೀಸದ ಬುಲೆಟ್ 25 ಗಜದಲ್ಲಿ ಪರವಾಗಿಲ್ಲ. 50 ಗಜಕ್ಕೆ ಟಾರ್ಗೆಟ್ ಹೋದ ತಕ್ಷಣ ಒಂಬತ್ತು ಇಂಚಿಗೆ ಚೆಲ್ಲಾಪಿಲ್ಲಿ. ದೂರದರ್ಶಕದಲ್ಲಿ ನೋಡಿದರೆ ಎರಡು ತೂತು ದುಂಡಗಿರಲಿಲ್ಲ. ನಡೆದು ಹೋಗಿ ನೋಡಿದೆ. ಬೀಗದ ಕೈ ತೂತಿನ ಹಾಗೆ ಉದ್ದಕ್ಕೆ ಸೀಳಿತ್ತು, ಒಂದು ಪಕ್ಕದಲ್ಲಿ ಬೂದು ಬಣ್ಣದ ಗೆರೆ. ಬುಲೆಟ್ ಅಡ್ಡಡ್ಡ ಬಂದು ಬಡಿದಿದೆ. ಬ್ಯಾರೆಲ್ ಬಿಚ್ಚಿ ಬೆಳಕಿಗೆ ಹಿಡಿದರೆ ರೈಫ್ಲಿಂಗಿನ ತೋಡುಗಳಲ್ಲಿ (ಬುಲೆಟ್ಟನ್ನು ತಿರುಗಿಸುವ ಸುರುಳಿ ಗೀರುಗಳು) ಸೀಸದ ಎಳೆಗಳು ಅಂಟಿಕೊಂಡಿದ್ದವು. ತಾಮ್ರದ ಬ್ರಷ್ಷಿನಿಂದ ಅರ್ಧ ಗಂಟೆ ಉಜ್ಜಿದ ಮೇಲೆ ಪರಪರ ಅಂತ ಹೊರಗೆ ಬಂದವು.

ಮೊದಲು ರೈಫ್ಲಿಂಗಿನ ಸುತ್ತಿನ ಮೇಲೆ ಅನುಮಾನ. 9 ಎಂಎಂ ಬ್ಯಾರೆಲ್‌ಗಳಲ್ಲಿ ಸಾಮಾನ್ಯವಾಗಿ 10 ಇಂಚಿಗೆ ಒಂದು ಸುತ್ತು, .45ರಲ್ಲಿ 16 ಇಂಚಿಗೆ ಒಂದು, ಸ್ಮಿತ್ ಅಂಡ್ ವೆಸ್ಸನ್ .38ರಲ್ಲಿ 18.75ಕ್ಕೆ ಒಂದು. ಇಷ್ಟು ಬಿಗಿ ಸುತ್ತಿನಲ್ಲಿ ಮೆತ್ತನೆ ಸೀಸ ಜಾರುತ್ತಿದೆ ಅಂದುಕೊಂಡು ಗಟ್ಟಿ ಮಿಶ್ರಲೋಹದ ಬುಲೆಟ್ ತರಿಸಿದೆ. ಏನೂ ಬದಲಾಗಲಿಲ್ಲ. ವೇಗ ಇಳಿಸಿದೆ, ಹಾಗೇ ಇತ್ತು. ಪುಸ್ತಕದ ಮಿತಿಯೊಳಗೇ ಸ್ವಲ್ಪ ಏರಿಸಿದೆ, ಇನ್ನೂ ಕೆಟ್ಟಿತು. ಬಣ್ಣದ ಲೇಪನದ ಬುಲೆಟ್ ಹಾಕಿದೆ, ಬ್ಯಾರೆಲ್ ಸ್ವಚ್ಛ ಉಳಿಯಿತು, ತೂತುಗಳ ಗುಂಪು ಮಾತ್ರ ಏಳು ಇಂಚಿಗೇ ನಿಂತಿತು. (ಮದ್ದಿನ ತೂಕ ಇಲ್ಲಿ ಬರೆಯಲ್ಲ. ನಿಮ್ಮ ನಿಮ್ಮ ಪುಸ್ತಕ ನೋಡಿ, ಕೆಳಗಿನ ತೂಕದಿಂದ ಶುರು ಮಾಡಿ.)

ಇದರ ಮಧ್ಯೆ ಬುಲೆಟ್ ಮಾರುವವರ ಕಾಟ ಬೇರೆ. ಡಬ್ಬದ ಮೇಲೆ 0.356 ಅಂತ ಅಚ್ಚಾಗಿದೆ. ಐವತ್ತು ಅಳೆದರೆ 0.3552ರಿಂದ 0.3563ರವರೆಗೆ ಏನು ಬೇಕೋ ಅದು ಸಿಗುತ್ತೆ. ಬರೆದು ಕೇಳಿದೆ. ಹನ್ನೊಂದು ದಿನದ ಮೇಲೆ "ಇದು ನಮ್ಮ ಮಿತಿಯೊಳಗೇ ಇದೆ" ಅಂತ ಒಂದು ಸಾಲಿನ ಉತ್ತರ. ಇನ್ನೊಬ್ಬರು ಒಂದು ಸಾವಿರ ಸೀಸದ ಬುಲೆಟ್ಟನ್ನು ಬಿಸ್ಕತ್ತಿನ ಪೆಟ್ಟಿಗೆಯಷ್ಟು ತೆಳು ರಟ್ಟಿನಲ್ಲಿ ಕಳಿಸಿದ್ದರು. ಬಾಗಿಲಿಗೆ ಬಂದಾಗ ಮೂಲೆ ಒಡೆದು, ನೂರಕ್ಕೂ ಜಾಸ್ತಿ ದಾರಿಯಲ್ಲೇ ಉದುರಿದ್ದವು. ಹದಿನಾಲ್ಕು ಪೌಂಡಿಗಿಂತ ಜಾಸ್ತಿ ಸೀಸ ಇಡುವ ಪೆಟ್ಟಿಗೆಗೆ ಒಂದು ಸುತ್ತು ಜಾಸ್ತಿ ಟೇಪ್ ಹಾಕಲು ಏನು ಕಷ್ಟ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ದಾರಿ ತೋರಿಸಿದ್ದು ಕ್ಲಬ್ಬಿನ ಎಂಬತ್ತು ದಾಟಿದ ಹಿರಿಯರೊಬ್ಬರು. ಅಡ್ಡ ತೂತಿನ ಕಾಗದ ನೋಡಿದವರೇ "ಬುಲೆಟ್ ಅಳೆದಿದ್ದೀಯಾ?" ಅಂದರು. ಅಳೆದಿದ್ದೀನಿ ಅಂದೆ. "ಕೇಸಿನೊಳಗೆ ಹೋಗಿ ಬಂದ ಮೇಲೆ?" ಅಂದರು. ಅಷ್ಟೇ. ಮನೆಗೆ ಹೋಗುವವರೆಗೆ ಸಮಾಧಾನ ಇರಲಿಲ್ಲ.

ಆಗುತ್ತಿದ್ದದ್ದು ಇದು. 9 ಎಂಎಂ ಕೇಸು ನೇರ ಕೊಳವೆಯಲ್ಲ, ಬುಡದಿಂದ ಬಾಯಿಗೆ ಸಣ್ಣಗಾಗುತ್ತಾ ಬರುತ್ತೆ. ಗೋಡೆ ಬುಡದ ಕಡೆ ದಪ್ಪ. ಉದ್ದನೆಯ ಸೀಸದ ಬುಲೆಟ್ ಆಳಕ್ಕೆ ಇಳಿದಾಗ ಅದರ ಬುಡ ಈ ದಪ್ಪ ಗೋಡೆಗೆ ಸಿಕ್ಕಿ ಹಿಂಡಿ ಹೋಗುತ್ತೆ. ಜಾಕೆಟ್ ಬುಲೆಟ್ ಗಟ್ಟಿ, ಕೇಸನ್ನೇ ಹಿಗ್ಗಿಸುತ್ತೆ. ಸೀಸ ಮೆತ್ತಗೆ, ತಾನೇ ಬಗ್ಗುತ್ತೆ. ನನ್ನ ಡೈ ಸೆಟ್ಟಿನಲ್ಲಿ (ಕಾರ್ಟ್ರಿಜ್ ತುಂಬುವ ಅಚ್ಚುಗಳು) ಕೇಸಿನ ಬಾಯಿ ಅಗಲಿಸುವ ಎಕ್ಸ್‌ಪ್ಯಾಂಡರ್ ಕಡ್ಡಿಯೂ ಜಾಕೆಟ್ ಬುಲೆಟ್ಟಿನ 0.355ಕ್ಕೆ ಮಾಡಿದ್ದು. ಅದು ಸಾಲದು ಅಂತ ಕೇಸಿನ ಬಾಯಿ ಬಿಗಿಸುವ ಕೊನೆಯ ಕ್ರಿಂಪ್ ಡೈಯಲ್ಲಿ ಒಂದು ಕಾರ್ಬೈಡ್ ಉಂಗುರ ಇದೆ, ತುಂಬಿದ ಕಾರ್ಟ್ರಿಜ್ಜನ್ನು ಹೊರಗಿಂದ ಮತ್ತೊಮ್ಮೆ ಹಿಸುಕುತ್ತೆ. ಎರಡು ಕಡೆಯ ಹಿಂಡಿಗೆ ಇಂಚಿನ ಸಾವಿರದಲ್ಲಿ ಎರಡು ಭಾಗ ಹೋಯಿತು. ತಲೆಗೂದಲಿಗಿಂತ ತೆಳು. ಬ್ಯಾರೆಲ್ಲಿಗೆ ಮೆತ್ತನೆ ಸೀಸ ಬಡಿದು ತೆಗೆದು ಅಳೆದರೆ ತೋಡಿನಿಂದ ತೋಡಿಗೆ 0.3557. ಅಂದರೆ ಬುಲೆಟ್ ಬ್ಯಾರೆಲ್ಲಿಗಿಂತ ಸಣ್ಣದಾಗಿತ್ತು. ಸಂದಿಯಲ್ಲಿ ಬಿಸಿ ಗಾಳಿ ನುಗ್ಗಿ ಸೀಸದ ಪಕ್ಕ ಕರಗಿಸುತ್ತೆ, ರೈಫ್ಲಿಂಗಿಗೆ ಹಿಡಿತ ಸಿಗಲ್ಲ, ಬುಲೆಟ್ ಸರಿಯಾಗಿ ಸುತ್ತದೆ ತೂರಾಡುತ್ತಾ ಹೋಗುತ್ತೆ.

ಪರಿಹಾರಕ್ಕೆ ಎರಡು ಸಂಜೆ ಸಾಕಾಯ್ತು. ಕ್ಲಬ್ಬಿನ ಲೇತ್ ಇರುವ ಗೆಳೆಯರು ಎಕ್ಸ್‌ಪ್ಯಾಂಡರ್ ಕಡ್ಡಿಯನ್ನು ದಪ್ಪಗೆ, ಉದ್ದಕ್ಕೆ ಹೊಸದಾಗಿ ತಿರುವಿ ಕೊಟ್ಟರು. ಕಾರ್ಬೈಡ್ ಉಂಗುರದ ಡೈ ಪಕ್ಕಕ್ಕಿಟ್ಟು ಸಾದಾ ಟೇಪರ್ ಕ್ರಿಂಪ್ ಹಾಕಿದೆ. 0.357ರ ಬುಲೆಟ್ ತರಿಸಿದೆ. ಬ್ಯಾರೆಲ್ ಬಿಚ್ಚಿ ಕೈಯಲ್ಲಿ ಹಿಡಿದು ಒಂದೊಂದೇ ಕಾರ್ಟ್ರಿಜ್ ಬೀಳಿಸಿ ನೋಡಿದೆ. ಟಕ್ ಅಂತ ಬಿತ್ತು. ತಲೆಕೆಳಗು ಮಾಡಿದರೆ ತಾನಾಗಿ ಜಾರಿ ಬಂತು. ಈ ಪರೀಕ್ಷೆ ಮಾಡದೆ ದಪ್ಪ ಬುಲೆಟ್ ಹೊಡೆಯಬೇಡಿ, ದಯವಿಟ್ಟು. ಬಿಚ್ಚಿ ಅಳೆದರೆ 0.3565.

ಮುಂದಿನ ಶನಿವಾರ, 50 ಗಜ, ಮರಳು ಚೀಲ, ಹತ್ತು ಗುಂಡು: ಎರಡು ಮುಕ್ಕಾಲು ಇಂಚು. ಹತ್ತೂ ದುಂಡಗಿನ ತೂತು. ಟಾರ್ಗೆಟ್ ಹತ್ತಿರ ನಿಂತು ಬೆರಳಲ್ಲಿ ಒಂದೊಂದೇ ತೂತು ಮುಟ್ಟಿ ನೋಡಿದೆ. ವಿರಾಜಪೇಟೆ ಹತ್ತಿರದ ನಮ್ಮ ಮನೆಯಲ್ಲಿ ಕೊಡವರ ಆಯುಧ ಹಬ್ಬ ಕೈಲ್‌ಪೊಳ್ದ್ ದಿನ ಅಜ್ಜನ ಕೋವಿಗೆ ತೋಕ್ ಪೂ (ಕೋವಿ ಹೂವು) ಇಟ್ಟು ಪೂಜೆ ಆದ ಮೇಲೆ, ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಹೊಡೆಯುವ ಪಂದ್ಯ ನಡೆಯುತ್ತಿತ್ತು. ಕಾಯಿ ಒಡೆದು ನೀರು ಚಿಮ್ಮಿದಾಗ ಎಲ್ಲರೂ ಕೂಗುತ್ತಿದ್ದೆವು. ಆ ಹತ್ತು ತೂತು ನೋಡಿದಾಗ ನನಗೆ ಅದೇ ಕೂಗು ಬಂತು. ಪಕ್ಕದ ಲೇನಿನವರು ತಿರುಗಿ ನೋಡಿದರು.

ಈ ನಡುವೆ ಒಂದು ವಿಷಯ ಹೇಳದೆ ಇರಲಾರೆ. ಮುಂದಿನ ಕೆಲಸ ಪಿಸ್ತೂಲಿನ ಪೆಟ್ಟಿಗೆ. ಮುಚ್ಚಳ ಎತ್ತಿದರೆ ದೂರದರ್ಶಕ ಹಿಡಿಯುವ ತೋಳು ಇರುತ್ತಲ್ಲ, ಅಂಥದ್ದು. ಅರ್ಧ ಇಂಚಿನ ಬರ್ಚ್ ಪ್ಲೈವುಡ್ ತಂದಿಟ್ಟಿದ್ದೀನಿ. ಮೂಲೆಗಳಿಗೆ ಮೊಳೆಯಿಲ್ಲದೆ ಬೆರಳು ಜೋಡಣೆ ಮಾಡಬೇಕು, ಒಳಗೆ ಮೂರು ಪಿಸ್ತೂಲಿಗೆ ಗೂಡು. ಹಿಡಿಗೆ ವಾಲ್ನಟ್ ತುಂಡು ಆರಿಸಿ ಆಗಿದೆ. ತೋಳಿನ ತಿರುಪು ಬಿಗಿ ಮಾಡುವ ಬಗ್ಗೆ ಯಾರಾದರೂ ಒಳ್ಳೆ ಉಪಾಯ ಮಾಡಿದ್ದರೆ ಹೇಳಿ, ನನ್ನ ಹಳೆಯದು ಎರಡು ಗುಂಡಿಗೆ ಒಮ್ಮೆ ಕುತ್ತಿಗೆ ಬಗ್ಗಿಸುತ್ತೆ.

ಇಷ್ಟೆಲ್ಲ ಬಿಡಿಸಿದ ಮೇಲೆ 9 ಎಂಎಂ ತಾನೇ ತಗೊಂಡದ್ದು ಅಂತ ಕೇಳ್ತೀರಿ. ಇಲ್ಲ, .45 ತಗೊಂಡೆ.

9 ಎಂಎಂ, .45 ಎರಡೂ ಪಿಸ್ತೂಲಿನಲ್ಲಿ ಒಂದೊಂದು ಪೂರ್ತಿ 900 ಹೊಡೆದು ನೋಡಿದೆ. ಹತ್ತು ಸೆಕೆಂಡಿಗೆ ಐದು ಹೊಡೆಯುವಾಗ 9 ಎಂಎಂ ಮಣಿಕಟ್ಟನ್ನು ಚಟಕ್ ಅಂತ ಎಳೆಯುತ್ತೆ. .45ರಲ್ಲಿ 200 ಗ್ರೇನಿನ ಸೆಮಿ ವಾಡ್‌ಕಟರ್, ಹಗುರ ಮದ್ದು, ಹಗುರ ಸ್ಪ್ರಿಂಗ್ ಹಾಕಿದರೆ ಭುಜವನ್ನು ಮೆಲ್ಲಗೆ ತಳ್ಳಿದ ಹಾಗೆ, ಗುರಿ ನೋಡುವ ಚುಕ್ಕೆ ತಾನಾಗಿ ಕೆಳಗೆ ಬಂದು ನಿಲ್ಲುತ್ತೆ. ತೂತಿನ ಅಂಚು ಗೆರೆಗೆ ತಾಗಿದರೆ ಒಳಗಿನ ಅಂಕ ಸಿಗುತ್ತೆ. .45ರ ತೂತು 9 ಎಂಎಂ ತೂತಿಗಿಂತ ಒಂದೊಂದು ಪಕ್ಕಕ್ಕೆ ಒಂದು ಮಿಲಿಮೀಟರಿಗೂ ಜಾಸ್ತಿ ಚಾಚುತ್ತೆ. ಎಲ್ಲಕ್ಕಿಂತ ಮುಖ್ಯ, .45 ಒಂದಿದ್ದರೆ ಎರಡು 900ಗೆ ಆಗುತ್ತೆ. 9 ಎಂಎಂ ತಗೊಂಡರೂ ಮೂರನೇ 900ಗೆ ಇನ್ನೊಂದು ಪಿಸ್ತೂಲು ಬೇಕೇ ಬೇಕು. ಸೀಸಕ್ಕೆ ಹೋಗುವ ಜಾಸ್ತಿ ದುಡ್ಡು ಆ ಎರಡನೇ ಪಿಸ್ತೂಲಿನ ಬೆಲೆ ಮುಟ್ಟಲು ನನಗೆ ಹಲವು ವರ್ಷ ಬೇಕು. ಬರೀ ಸೆಂಟರ್‌ಫೈರ್ 900 ಮಾತ್ರ ಆಡುವವರಿಗೆ ನಾನು 9 ಎಂಎಂ ಬೇಡ ಅನ್ನಲ್ಲ, ಹೊಸ ಕಡ್ಡಿಯ ಅಳತೆ ಕೇಳಿದರೆ ಕಳಿಸ್ತೀನಿ. ಗೆಳೆಯನ ಪಿಸ್ತೂಲಿನ ಜೊತೆಗೂ ಒಂದು ಕಡ್ಡಿ ಇಟ್ಟು ವಾಪಸು ಕೊಟ್ಟೆ.

.45ರಲ್ಲಿ ಈಗ ಇರುವ ಕಿರಿಕಿರಿ ಒಂದೇ. ರೇಂಜಿನಿಂದ ಹೆಕ್ಕಿದ ಕೇಸುಗಳಲ್ಲಿ ಕೆಲವಕ್ಕೆ ದೊಡ್ಡ ಪ್ರೈಮರ್, ಕೆಲವಕ್ಕೆ ಚಿಕ್ಕದು. ಗುಂಡು ತುಂಬುವ ಪ್ರೆಸ್ ಮಧ್ಯದಲ್ಲಿ ಗಕ್ ಅಂತ ನಿಂತಾಗಲೇ ಗೊತ್ತಾಗೋದು. ನನ್ನಾಕೆ ಟಿವಿ ನೋಡುತ್ತಾ ಎರಡು ಡಬ್ಬಕ್ಕೆ ಬೇರೆ ಮಾಡಿ ಕೊಡ್ತಾಳೆ, ಅಕ್ಕಿ ಆರಿಸಿದ ಹಾಗೆ.

ನಿನ್ನೆ ಮೊದಲ ಐವತ್ತು ತುಂಬಿದೆ. ಹೊಡೆಯುವ ಮೊದಲು ಐದನ್ನು ಸುತ್ತಿಗೆಗೆ ಹಾಕಿ ಬಿಚ್ಚಿದೆ. ಒಳಗೆ ಹೋಗುವಾಗ 0.452. ಹೊರಗೆ ಬಂದಾಗ ಐದೂ 0.452.