ಬರೆದವನನ್ನೂ ನೆನೆಯಿರಿ: ಕೈರೋದಿಂದ ನಾಗ್ ಹಮ್ಮಾದಿಗೆ

ಕೈರೋದ ಮೆಟ್ರೋ ಒಂದನೇ ಲೈನಿನಲ್ಲಿ ಮಾರ್ ಗಿರ್ಗಿಸ್ ಅಂತ ಒಂದು ಸ್ಟೇಷನ್ ಇದೆ. ಹೊರಗೆ ಬಂದರೆ ಎದುರಿಗೇ ರೋಮನ್ನರ ಕಾಲದ ಕೋಟೆಯ ದುಂಡನೆ ಗೋಪುರ. ಅದರ ಮಗ್ಗುಲಲ್ಲಿ ಕಾಪ್ಟಿಕ್ ಮ್ಯೂಸಿಯಂ, ಅಂದರೆ ಈಜಿಪ್ಟಿನ ಹಳೇ ಕ್ರೈಸ್ತರದು. 1908ರಲ್ಲಿ ಮಾರ್ಕಸ್ ಸಿಮೈಕಾ ಎನ್ನುವವರು ಶುರುಮಾಡಿದ್ದು. ಪಿರಮಿಡ್ಡಿನ ಹತ್ತಿರ ಇರುವ ನೂಕುನುಗ್ಗಲಿನ ನೂರರಲ್ಲಿ ಒಂದು ಪಾಲೂ ಇಲ್ಲಿಲ್ಲ. ಮರದ ಕೆತ್ತನೆಯ ಚಾವಣಿ, ಜಾಲರಿ ಕಿಟಕಿ, ಅಂಗಳದಲ್ಲಿ ಗಿಡಗಳು. ಇಡೀ ಈಜಿಪ್ಟಿನಲ್ಲಿ ನನಗೆ ತುಂಬಾ ಹಿಡಿಸಿದ ಕಟ್ಟಡ ಇದೇ. ಪಿರಮಿಡ್ಡನ್ನೂ ನೋಡಿದೆವು, ಅಲ್ಲಿನ ರಾತ್ರಿಯ ಲೈಟ್ ಶೋ ಕೂಡ ನೋಡಿದೆವು. ಆ ಲೈಟ್ ಶೋಗೆ ದುಡ್ಡು ಕೊಡಬೇಡಿ ಅನ್ನುವುದಷ್ಟೇ ನನ್ನ ಮಾತು.

ನಾನು ಬಂದದ್ದು ಮೇಲಿನ ಮಹಡಿಯಲ್ಲಿರುವ ಕೆಲವು ಹಾಳೆಗಳಿಗಾಗಿ. ಬೈಬಲ್ಲಿನಲ್ಲಿ ಮತ್ತಾಯ, ಮಾರ್ಕ, ಲೂಕ, ಯೋಹಾನ ಅಂತ ನಾಲ್ಕು ಸುವಾರ್ತೆಗಳಿವೆಯಲ್ಲ, ಅವುಗಳ ಆಚೆಗೂ ಸುವಾರ್ತೆ ಅನ್ನಿಸಿಕೊಂಡ ಪುಸ್ತಕಗಳು ಇದ್ದವು. ಯೇಸುವಿನ ಶಿಷ್ಯ ತೋಮನ ಹೆಸರಿನದು, ಫಿಲಿಪ್ಪನ ಹೆಸರಿನದು, 'ಸತ್ಯದ ಸುವಾರ್ತೆ' ಅಂತ ಒಂದು. ಕ್ರಿ.ಶ. 367ರಲ್ಲಿ ಅಲೆಕ್ಸಾಂಡ್ರಿಯಾದ ಬಿಷಪ್ ಅಥನೇಸಿಯಸ್ ಒಂದು ಪತ್ರ ಬರೆದರು. ಈಗ ಹೊಸ ಒಡಂಬಡಿಕೆ ಅನ್ನುವ 27 ಪುಸ್ತಕಗಳನ್ನು ಪಟ್ಟಿ ಮಾಡಿ, ಗುಪ್ತ ಗ್ರಂಥ ಅಂತ ಸುತ್ತಾಡುತ್ತಿರುವುದನ್ನು ನಂಬಬೇಡಿ ಎಂದರು. ಪಟ್ಟಿಯ ಹೊರಗೆ ಉಳಿದವು ಮೆಲ್ಲಗೆ ಮರೆಯಾದವು. ಬೈದವರ ಬರಹದಲ್ಲಿ ಹೆಸರು ಉಳಿಯಿತು, ಪುಸ್ತಕ ಸಿಗಲಿಲ್ಲ.

ಸಿಕ್ಕಿದ್ದು 1945ರ ಡಿಸೆಂಬರಿನಲ್ಲಿ, ದಕ್ಷಿಣದ ನಾಗ್ ಹಮ್ಮಾದಿ ಊರಿನ ಹತ್ತಿರ. ಮುಹಮ್ಮದ್ ಅಲಿ ಅನ್ನುವ ರೈತ ಗುಡ್ಡದ ಬುಡದಲ್ಲಿ ಸಬಾಖ್ ಅಗೆಯುತ್ತಿದ್ದ. ಸಬಾಖ್ ಅಂದರೆ ಹೊಲಕ್ಕೆ ಗೊಬ್ಬರವಾಗಿ ಹಾಕುವ ಹಳೇ ಮಣ್ಣು. ಗುದ್ದಲಿಗೆ ಒಂದು ದೊಡ್ಡ ಮಣ್ಣಿನ ಜಾಡಿ ತಗುಲಿತು. ಒಳಗೆ ಜಿನ್ ಅನ್ನುವ ಭೂತ ಇದ್ದರೆ ಅಂತ ಹೆದರಿಕೆ, ಚಿನ್ನ ಇದ್ದರೆ ಅಂತ ಆಸೆ. ಒಡೆದು ನೋಡಿದರೆ ಚರ್ಮದ ಹೊದಿಕೆಯ ಪುಸ್ತಕಗಳು. ಮನೆಗೆ ತಂದು ಒಲೆಯ ಪಕ್ಕ ಹುಲ್ಲಿನ ಮೇಲೆ ಹಾಕಿದ. ಅವನ ತಾಯಿ ಹುಲ್ಲಿನ ಜೊತೆ ಒಂದಷ್ಟು ಹಾಳೆಗಳನ್ನೂ ಒಲೆಗೆ ಹಾಕಿದಳು. ಎಷ್ಟೋ ವರ್ಷಗಳ ಮೇಲೆ ಅವನೇ ಹೇಳಿದ ಕತೆ ಇದು. ಜಾಡಿ ಸಿಕ್ಕಿದ್ದು ನಿಜಕ್ಕೂ ಹೀಗೇನಾ ಅಂತ ಈಚೆಗೆ ಕೆಲವು ವಿದ್ವಾಂಸರು ಅನುಮಾನ ಎತ್ತಿದ್ದಾರೆ. ಅಂತೂ ಉಳಿದದ್ದು 13 ಪುಸ್ತಕಗಳ ಗಂಟು, ಅದರೊಳಗೆ 52 ಬರಹಗಳು. ಒಂದು ಪುಸ್ತಕ ಸ್ವಿಟ್ಜರ್ಲೆಂಡಿನ ತನಕ ಹೋಗಿ ಮನೋವಿಜ್ಞಾನಿ ಯೂಂಗ್ ಹೆಸರಿನ ಸಂಸ್ಥೆಯ ಕೈ ಸೇರಿತ್ತು. ಅದೂ ಕೊನೆಗೆ ಕೈರೋಗೆ ವಾಪಸ್ ಬಂತು.

ಮ್ಯೂಸಿಯಂನ ಮೇಲಿನ ಮಹಡಿಯ ಗಾಜಿನೊಳಗೆ ಇರುವುದು ಆ ಪುಸ್ತಕಗಳ ಹಾಳೆಗಳೇ. ಫೋಟೋಗಳಲ್ಲಿ ದೊಡ್ಡದಾಗಿ ಕಾಣುವ ಹಾಳೆ ಎದುರಿಗೆ ನೋಡಿದರೆ ಪುಟ್ಟದು. ಉದ್ದ ಸುಮಾರು 28 ಸೆಂಟಿಮೀಟರ್, ಅಗಲ ಅದರ ಅರ್ಧಕ್ಕಿಂತ ಕೊಂಚ ಜಾಸ್ತಿ. ಪಪೈರಸ್ ಅನ್ನುವ ಜೊಂಡಿನ ನಾರು ಅಡ್ಡಡ್ಡ ಕಾಣುತ್ತದೆ. ಬಣ್ಣ ಒಣಗಿದ ಅಡಿಕೆ ಹಾಳೆಯದು. ಅಂಚೆಲ್ಲ ತಿಂದುಹೋಗಿದೆ. ಆದರೆ ಮಸಿ ಇನ್ನೂ ಕಪ್ಪಗಿದೆ, ಅಕ್ಷರ ಒಂದೊಂದೂ ನೆಟ್ಟಗಿದೆ. ಪದಗಳ ನಡುವೆ ಜಾಗವೇ ಇಲ್ಲ, ಸಾಲು ಒಂದೇ ಉಸಿರಿನಲ್ಲಿ ಹೋಗುತ್ತದೆ. ನಮ್ಮ ತಾಳೆಗರಿಗಳಲ್ಲೂ ಹಾಗೇ ಅಲ್ವಾ? ನಾನು ಗಾಜಿಗೆ ಮೂಗು ತಾಗುವಷ್ಟು ಬಗ್ಗಿ ನಿಂತಿದ್ದೆ.

ಪಕ್ಕದಲ್ಲಿ ಯಾರೋ ಮೆಲ್ಲಗೆ ಓದುವುದು ಕೇಳಿಸಿತು. ತಿರುಗಿ ನೋಡಿದರೆ ವಯಸ್ಸಾದ ಒಬ್ಬರು, ಇಸ್ತ್ರಿ ಮಾಡಿದ ಶರಟು, ಕೈಹಿಡಿದ ಮೊಮ್ಮಗಳು. ಬೆರಳನ್ನು ಗಾಜಿನಿಂದ ಒಂದಿಷ್ಟು ದೂರ ಇಟ್ಟು ಅಕ್ಷರ ಅಕ್ಷರವಾಗಿ ಅವಳಿಗೆ ಓದಿಸುತ್ತಿದ್ದರು. ನಾನು ಗಮನಿಸಿದ್ದನ್ನು ನೋಡಿ ಇಂಗ್ಲಿಷಿನಲ್ಲಿ, "ಎಲ್ಲಿಂದ ಬಂದಿರಿ?" ಎಂದರು. ಇಂಡಿಯಾ ಎಂದೆ.

"ತೋಮಾ ನಿಮ್ಮ ಕಡೆಗೇ ಬಂದದ್ದು," ಎಂದರು, ನೆಂಟರ ಸುದ್ದಿ ಹೇಳುವ ಹಾಗೆ.

ಕೇರಳದ ಹಳೇ ಕ್ರೈಸ್ತರು ಹಾಗೇ ನಂಬುತ್ತಾರೆ, ಚೆನ್ನೈನಲ್ಲಿ ಅವರ ಹೆಸರಿನ ಗುಡ್ಡವೂ ಇದೆ ಎಂದೆ. ಅವರಿಗೆ ಖುಷಿಯಾಯಿತು. ತೋಮನನ್ನು ಇಂಡಿಯಾಕ್ಕೆ ಕಳಿಸುವ ಕತೆ ಕೂಡ ಬೈಬಲ್ಲಿನ ಹೊರಗಿನದೇ. ಮೂರನೇ ಶತಮಾನದ 'ತೋಮನ ಕೃತ್ಯಗಳು' ಅನ್ನುವ ಪುಸ್ತಕ. ಅದರಲ್ಲಿ ಬಡಗಿಯಾದ ತೋಮನನ್ನು ಗುಂಡಫೋರಸ್ ರಾಜನಿಗೆ ಅರಮನೆ ಕಟ್ಟಲು ಗುಲಾಮನಾಗಿ ಮಾರುತ್ತಾರೆ. ಅವನು ಅರಮನೆಯ ದುಡ್ಡನ್ನು ಬಡವರಿಗೆ ಹಂಚಿಬಿಡುತ್ತಾನೆ. ಇದನ್ನು ಮೊಮ್ಮಗಳಿಗೆ ಅರಬ್ಬಿಯಲ್ಲಿ ಹೇಳಿದರು. ಅವಳು ರಾಜನಿಗೆ ಸಿಟ್ಟು ಬರಲಿಲ್ವಾ ಅಂತ ಕೇಳಿದಳಂತೆ.

ಕೆಳಗೆ ಅಂಗಳದ ಬೆಂಚಿನ ಮೇಲೆ ಕೂತೆವು. ಅವರು ನಿವೃತ್ತ ಮೇಷ್ಟ್ರು, ಗಣಿತ ಕಲಿಸುತ್ತಿದ್ದವರು, ಚರ್ಚಿನಲ್ಲಿ ಶಮ್ಮಾಸ್. ಪೂಜೆಯಲ್ಲಿ ಈಜಿಪ್ಟಿನ ಹಳೇ ಭಾಷೆಯಾದ ಕಾಪ್ಟಿಕ್‌ನಲ್ಲಿ ಹಾಡುವುದು ಶಮ್ಮಾಸರ ಕೆಲಸ. ಅಕ್ಷರ ಬರುವುದು ಅದರಿಂದಲೇ. ಆದರೆ ಚರ್ಚಿನ ಕಾಪ್ಟಿಕ್ ಉತ್ತರದ್ದು, ಈ ಹಾಳೆಗಳದು ದಕ್ಷಿಣದ್ದು, ಅದಕ್ಕೆ ಅರ್ಥ ಪೂರ್ತಿ ಆಗುವುದಿಲ್ಲ ಎಂದರು. ನಾನು ಅವರನ್ನು ಉಸ್ತಾಜ್ ಎಂದು ಕರೆದೆ, ಅಲ್ಲಿ ಮೇಷ್ಟ್ರಿಗೆ ಹಾಗೇ ಅನ್ನುವುದು. ಅವರು ನನ್ನನ್ನು ಯಾ ಬಿನ್ತಿ ಅಂದರು, ಅಂದರೆ ಮಗಳೇ.

ಕೇಳಲೋ ಬೇಡವೋ ಅಂತ ಅಳುಕಿತ್ತು, ಆದರೂ ಕೇಳಿದೆ. "ಉಸ್ತಾಜ್, ನಿಮ್ಮ ಚರ್ಚು ಈ ಪುಸ್ತಕಗಳನ್ನು ಒಪ್ಪುವುದಿಲ್ಲ. ಮತ್ತೆ ಮೊಮ್ಮಗಳಿಗೆ ತೋರಿಸೋಕೆ ಯಾಕೆ ಕರೆತಂದಿರಿ?"

"ನಾನೂ ಒಪ್ಪುವುದಿಲ್ಲ. ಬೇಡ ಎಂದ ಅಥನೇಸಿಯಸ್ ನಮ್ಮ ಸಂತರು, ಅವರ ಮಾತು ನನಗೆ ದೊಡ್ಡದು. ಆದರೆ ಬರೆದ ಕೈ ನಮ್ಮದೇ. ಆ ಹುಡುಗ ಎಷ್ಟು ಚೆನ್ನಾಗಿ ಬರೆದಿದ್ದಾನೆ ನೋಡಿದಿರಾ?"

ಅವರಿಗೆ ಸುವಾರ್ತೆಗಿಂತ ಜಾಸ್ತಿ ಇಷ್ಟವಾದದ್ದು ನಕಲು ಮಾಡಿದವರ ಟಿಪ್ಪಣಿಗಳು. ಫೋನ್ ತೆಗೆದು ಒಂದೊಂದೇ ತೋರಿಸಿದರು. ತೋಮನ ಸುವಾರ್ತೆ ಇರುವ ಪುಸ್ತಕದ ಕೊನೆಯಲ್ಲಿ ಲಿಪಿಕಾರ, ಸಹೋದರರೇ, ನಿಮ್ಮ ಪ್ರಾರ್ಥನೆಯಲ್ಲಿ ನನ್ನನ್ನೂ ನೆನೆಯಿರಿ ಅಂತ ಬರೆದಿದ್ದಾನೆ. ಇನ್ನೊಂದರಲ್ಲಿ ಒಬ್ಬ ತನ್ನ ಹೆಸರನ್ನೇ ಹಾಕಿದ್ದಾನೆ: ಆತ್ಮದಲ್ಲಿ ಯುಗ್ನೋಸ್ತೋಸ್, ದೇಹದಲ್ಲಿ ಗೊಂಗೆಸ್ಸೋಸ್. ಆರನೆಯ ಪುಸ್ತಕದಲ್ಲಿ ಒಬ್ಬನಿಗೆ ಸಂಕೋಚ. ಇದೊಂದನ್ನು ಬರೆದಿದ್ದೇನೆ, ಇಂಥವು ನನ್ನ ಹತ್ತಿರ ಬಹಳ ಬಂದಿವೆ, ನಿಮ್ಮ ಹತ್ತಿರವೂ ಇರಬಹುದು, ಸುಮ್ನೆ ನಿಮಗೆ ಹೊರೆಯಾದೀತು ಅಂತ ಬರೆಯಲಿಲ್ಲ ಅನ್ನುತ್ತಾನೆ.

ನನಗೆ ಮೈ ಜುಂ ಎಂದಿತು. ನಮ್ಮ ಓಲೆಗರಿಗಳ ಕೊನೆಯಲ್ಲೂ ಹೀಗೇ ಬರೆಯುತ್ತಾರೆ ಎಂದು 'ಭಗ್ನಪೃಷ್ಠಕಟಿಗ್ರೀವಃ' ಶ್ಲೋಕ ಹೇಳಿದೆ. ಬೆನ್ನು, ಸೊಂಟ, ಕತ್ತು ಮುರಿದು, ತಲೆ ತಗ್ಗಿಸಿ, ಕಣ್ಣು ನೆಟ್ಟು, ಕಷ್ಟಪಟ್ಟು ಬರೆದದ್ದು, ಜೋಪಾನ ಮಾಡಿ. ಉಸ್ತಾಜ್ ಇನ್ನೊಮ್ಮೆ ಹೇಳಿಸಿದರು. ಆಮೇಲೆ ತಮ್ಮ ಕತ್ತಿನ ಹಿಂಬದಿ ಮುಟ್ಟಿಕೊಂಡು, "ಕತ್ತು, ಹೌದು, ಕತ್ತೇ ಮೊದಲು ಹೋಗುವುದು," ಎಂದರು. ಚರ್ಚಿನ ಪೂಜಾಪುಸ್ತಕವೊಂದನ್ನು ಚಿಕ್ಕಂದಿನಲ್ಲಿ ಕೈಯಲ್ಲೇ ನಕಲು ಮಾಡಿದ್ದರಂತೆ. ಬೇರೆ ಬೇರೆ ದೇಶ, ದೇವರು, ಅಕ್ಷರ. ಬರೆದವರು ಕೇಳಿಕೊಂಡದ್ದು ಮಾತ್ರ ಒಂದೇ. ಆ ಬೆಂಚಿನಿಂದ ಏಳುವ ಮನಸ್ಸೇ ಬರಲಿಲ್ಲ. ಮೊಮ್ಮಗಳು ಹಸಿವು ಅಂದಳು ಅಂತ ಎದ್ದೆವು. ಹೊರಗೆ ಎಲ್ಲರೂ ಕೂತು ಕೊಶರಿ ತಿಂದೆವು.

ಆಮೇಲೆ ದಕ್ಷಿಣದ ಲಕ್ಸರ್‌ನಲ್ಲಿ ಕಳೆದ ದಿನಗಳನ್ನು ಜೊತೆಗಿದ್ದ ತಂಗಿ ಬರೆಯಬೇಕು, ದೇವಾಲಯಗಳ ಹುಚ್ಚು ಅವಳಿಗೆ. ನನ್ನ ಕಣ್ಣು ನಾಗ್ ಹಮ್ಮಾದಿಯ ಮೇಲಿತ್ತು. ಲಕ್ಸರ್‌ನಿಂದ ರಸ್ತೆಯಲ್ಲಿ ನೂರು ಕಿಲೋಮೀಟರಿನ ಆಸುಪಾಸು. ಉಳಿದುಕೊಂಡಿದ್ದ ಕಡೆಯವರೇ ಕಾರು ಗೊತ್ತುಮಾಡಿಕೊಟ್ಟರು, ಪೂರ್ತಿ ದುಡ್ಡು ಮೊದಲೇ ತೆಗೆದುಕೊಂಡರು. ಪರವಾನಗಿ ಎಲ್ಲ ಇದೆ, ಚಿಂತೆ ಬೇಡ ಎಂದರು. ದಾರಿಯ ಚೆಕ್‌ಪೋಸ್ಟಿನಲ್ಲಿ ಪೊಲೀಸರು ಕಾಗದ ಕೇಳಿದರೆ ಡ್ರೈವರ್ ಹತ್ತಿರ ಏನೂ ಇಲ್ಲ. ಬಿಸಿಲಿನಲ್ಲಿ ಬಹಳ ಹೊತ್ತು ನಿಲ್ಲಿಸಿ ವಾಪಸ್ ಕಳಿಸಿದರು. ದುಡ್ಡು ಕೇಳಿದರೆ, ಕಾರು ಹೋಗಿ ಬಂದಿದೆಯಲ್ಲ ಅನ್ನುವ ಉತ್ತರ. ಇದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಹೋಗುವವರಿಗೆ ಹೇಳುತ್ತೇನೆ: ಪ್ರವಾಸಿಗರನ್ನು ಆ ಕಡೆ ಕರೆದೊಯ್ಯುವ ಕಾಗದ ಕಣ್ಣಾರೆ ನೋಡಿ, ಅರ್ಧ ದುಡ್ಡು ಮಾತ್ರ ಕೊಡಿ, ಪಾಸ್‌ಪೋರ್ಟಿನ ಜೆರಾಕ್ಸ್ ಜೊತೆಗಿರಲಿ. ಕಾರೇ ಬೇಡ ಅನ್ನಿಸಿದರೆ ಕೈರೋ–ಲಕ್ಸರ್ ರೈಲು ಮಾರ್ಗದಲ್ಲೇ ನಾಗ್ ಹಮ್ಮಾದಿ ಸ್ಟೇಷನ್ ಇದೆ. ನಾವು ಮಾರನೇ ದಿನ ಹಾಗೇ ಹೋದೆವು.

ಊರಿನಲ್ಲಿ ಸಕ್ಕರೆ ಕಾರ್ಖಾನೆ, ಸುತ್ತ ಎಲ್ಲಿ ನೋಡಿದರೂ ಕಬ್ಬು. ಸ್ಟೇಷನ್ನಿನ ಹೊರಗೆ ಸಿಕ್ಕಿದ ಟ್ಯಾಕ್ಸಿಯವ ನೈಲ್ ದಾಟಿಸಿ ಜಬಲ್ ಅಲ್ ತಾರಿಫ್ ಗುಡ್ಡದ ಬುಡಕ್ಕೆ ಕರೆದುಕೊಂಡು ಹೋದ. ಹಸಿರು ಗದ್ದೆ ಮುಗಿದಲ್ಲಿಂದಲೇ ಬೋಳು ಬಂಡೆ ನೆಟ್ಟಗೆ ಎದ್ದು ನಿಲ್ಲುತ್ತದೆ. ಅದರ ತುಂಬ ಗುಹೆಗಳು, ಫೆರೋಗಳ ಕಾಲದ ಸಮಾಧಿಗಳು. ಒಂದರ ಗೋಡೆಯಲ್ಲಿ ಯಾರೋ ಬೈಬಲ್ಲಿನ ಕೀರ್ತನೆಗಳ ಮೊದಲ ಸಾಲುಗಳನ್ನು ಕಾಪ್ಟಿಕ್‌ನಲ್ಲಿ ಕೆಂಪು ಬಣ್ಣದಿಂದ ಬರೆದುಕೊಂಡಿದ್ದಾರೆ. ನಮಗೆ ಮೇಲೆ ಹತ್ತಲು ಬಿಡಲಿಲ್ಲ. ಜಾಡಿ ಸಿಕ್ಕಿದ್ದು ಎಲ್ಲಿ ಅಂದರೆ ಟ್ಯಾಕ್ಸಿಯವ ಇಡೀ ಗುಡ್ಡದ ಕಡೆ ಕೈ ಬೀಸಿದ. ನಾವು ಹೋದಲ್ಲೆಲ್ಲೂ ಒಂದು ಬೋರ್ಡು ಕಾಣಲಿಲ್ಲ. ಇಂಥ ಜಾಗದಲ್ಲಿ ನಾಲ್ಕು ಸಾಲಾದರೂ ಇರಬೇಕು ಅಂತ ನನಗೆ ನಿಜವಾಗಿ ಬೇಸರವಾಯಿತು.

ತಂಗಿ ನೆರಳಿನಲ್ಲಿ ಕೂತು, "ಅಕ್ಕ, ಇವನ್ನೆಲ್ಲ ಬರೆದವರು ಯಾರು? ಸಂನ್ಯಾಸಿಗಳಾ?" ಎಂದಳು. ಅದರ ಬಗ್ಗೆ ಇನ್ನೂ ವಾದ ನಡೆಯುತ್ತಿದೆ. ಇಲ್ಲಿಂದ ಕೆಲವೇ ಮೈಲಿ ಆಚೆ ಫಾವ್ ಊರಿನಲ್ಲಿ ನಾಲ್ಕನೇ ಶತಮಾನದ ಪಖೋಮಿಯಸ್ ಅನ್ನುವ ಸಂತನ ದೊಡ್ಡ ಮಠ ಇತ್ತು. ಅದರ ಚರ್ಚಿನ ಕಂಬಗಳು ಈಗಲೂ ಬಿದ್ದುಕೊಂಡಿವೆ. ಚರ್ಮದ ಹೊದಿಕೆ ಗಟ್ಟಿಯಾಗಲಿ ಅಂತ ಪುಸ್ತಕ ಕಟ್ಟಿದವರು ಒಳಗೆ ಹಳೇ ಕಾಗದ ತುಂಬಿದ್ದರು. ಅವರ ಪಾಲಿಗೆ ಅದು ರದ್ದಿ. ಏಳನೆಯ ಪುಸ್ತಕದ ಹೊದಿಕೆಯಿಂದ ಬಿಡಿಸಿದ ಆ ರದ್ದಿಯಲ್ಲಿ ಕ್ರಿ.ಶ. 348ರ ತಾರೀಖು ಸಿಕ್ಕಿತು. ಅಂದರೆ ಪುಸ್ತಕ ಕಟ್ಟಿದ್ದು ಅದಕ್ಕೂ ಈಚೆಗೆ. ಸಂನ್ಯಾಸಿಗಳಿಗೆ ಬಂದ ಕಾಗದಗಳೂ ಅದರಲ್ಲಿದ್ದವು. ಪ್ರೊಟೇರಿಯ ಅನ್ನುವ ಹೆಂಗಸು ಸನ್ಸ್ನೋಸ್, ಪ್ಸಾಟೋಸ್ ಅನ್ನುವ ಇಬ್ಬರು ಸಂನ್ಯಾಸಿಗಳಿಗೆ ಬರೆಯುತ್ತಾಳೆ: ನನ್ನ ಕತ್ತೆಗಳಿಗೆ ಹೊಟ್ಟು ಸಾಲುತ್ತಿಲ್ಲ, ಎಲ್ಲಾದರೂ ಒಂದಿಷ್ಟು ಹುಡುಕಿಕೊಡಿ, ಗಾಡಿಗೆ ಎಷ್ಟು ರೇಟು ಅಂತ ತಿಳಿಸಿ.

ಇದನ್ನು ಹೇಳಿದಾಗ ಮಾತ್ರ ತಂಗಿಗೆ ಈ ಪುಸ್ತಕಗಳ ಮೇಲೆ ಆಸೆ ಹುಟ್ಟಿತು. ಹೊಟ್ಟು ಸಿಕ್ಕಿತಾ, ಅವರು ಏನು ಉತ್ತರ ಬರೆದರು ಅಂತ ಒಂದೇ ಸಮನೆ ಕೇಳಿದಳು. ರೈಲಿಗೆ ಹೊತ್ತಿದ್ದರಿಂದ ಫಾವ್‌ಗೂ ಹೋಗಿ ಬರೋಣ ಎಂದಳು. ಟ್ಯಾಕ್ಸಿಯವನ ಜೊತೆ ರೇಟು ಮಾತಾಡಿದ್ದೂ ಅವಳೇ. ಈ ಸಲ ದುಡ್ಡು ಕೊಟ್ಟದ್ದು ವಾಪಸ್ ಸ್ಟೇಷನ್ನಿನಲ್ಲಿ ಇಳಿದ ಮೇಲೆ.